ಹಳದಿಯ ಲೆಕ್ಕ

ಬಿಳಿ ಎಂಬುದೊಂದು ಹೊಂದಾಣಿಕೆ.
ನೀಲಿ ಲೇಸರ್ ಬಂದು ಫಾಸ್ಫರಿಗೆ ಬಡಿಯುತ್ತದೆ,
ಫಾಸ್ಫರು ಹಳದಿ ಕಾರುತ್ತದೆ,
ತಪ್ಪಿಸಿಕೊಂಡ ಒಂದಿಷ್ಟು ನೀಲಿ
ಆ ಹಳದಿಯ ಕೈಹಿಡಿದು ಪರದೆಗೆ ಹೋಗುತ್ತದೆ.
ನೋಡುವವರು ಬಿಳಿ ಅನ್ನುತ್ತಾರೆ.
ಹನ್ನೊಂದು ವರ್ಷದಿಂದ ನನ್ನ ಕೆಲಸ ಇಷ್ಟೆ:
ಹಳದಿ ಸೋಲದಂತೆ ಕಾಯುವುದು.

ಸುವಾ ಸರೋವರದ ದಂಡೆಯಲ್ಲಿ ನಮ್ಮ ಕಾರ್ಖಾನೆ.
ಹಿಂದೆ ಗಡಿಯಾರ ಮಾಡುತ್ತಿದ್ದ ಊರು,
ಇಲ್ಲಿನ ಬೆರಳುಗಳಿಗೆ ಸಣ್ಣದರ ಗುರುತು ಚೆನ್ನಾಗಿದೆ.
ನಾನು ಬಂದ ಹೊಸತರಲ್ಲಿ
ಫಾಸ್ಫರ್ ಪುಡಿಯನ್ನು ಸಿಲಿಕೋನಿನಲ್ಲಿ ಕಲಸಿ
ಅನ್ನದುಂಡೆಗೆ ಮಿಸೊ ಸವರಿದ ಹಾಗೆ
ಅಲ್ಯೂಮಿನಿಯಂ ತಟ್ಟೆಯ ಅಂಚಿಗೆ ಬಳಿಯುತ್ತಿದ್ದೆವು.
ತಟ್ಟೆಗೆ ನಿಮಿಷಕ್ಕೆ ಏಳು ಸಾವಿರ ಸುತ್ತು.
ನಿಂತರೆ ಸುಟ್ಟೀತು, ಅದಕ್ಕೇ ಓಟ.

ಆ ಮಾದರಿಯ ಮೇಲೆ ಸಹಿ ನನ್ನದು.
ಆಯಸ್ಸು ಇಪ್ಪತ್ತು ಸಾವಿರ ಗಂಟೆ, ಎಂದು ಬರೆದಿದ್ದೆ.
ಐದು ಸಾವಿರವನ್ನು ಕಣ್ಣಾರೆ ನೋಡಿದ್ದೆವು,
ಉಳಿದ ಹದಿನೈದನ್ನು ಗೆರೆ ಎಳೆದು ಮುಟ್ಟಿದೆವು.

ಮೊಮೊಸೆ ಆ ಗೆರೆ ನೋಡಿ ನಕ್ಕಿದ್ದರು.
ಕುಲುಮೆ ವಿಭಾಗದ ಮನುಷ್ಯ. ಡಿಗ್ರಿ ಇರಲಿಲ್ಲ,
ಬಲಗಣ್ಣಿಗೆ ಹುಬ್ಬೂ ಇರಲಿಲ್ಲ, ಬೆಂಕಿ ತೆಗೆದುಕೊಂಡಿತ್ತು.
"ಅಂಟು ಅಂಟೇ, ಚಿಗುಸಾ. ಕಾದರೆ ಕಂದುತ್ತದೆ.
ಅಂಟಿಲ್ಲದೆ ನಿಲ್ಲುವುದನ್ನು ಮಾಡು."
ಅಂದರೆ ಪುಡಿಯನ್ನೇ ಸುಟ್ಟು ಪಿಂಗಾಣಿ ಮಾಡುವುದು,
ಸಾವಿರದ ಏಳುನೂರು ಡಿಗ್ರಿಯಲ್ಲಿ
ಕಣ ಕಣವನ್ನು ಕಚ್ಚಿಕೊಳ್ಳುವ ತನಕ.

ನಾಲ್ಕು ಚಳಿಗಾಲ ಸುಟ್ಟೆವು.
ಮೊದಲವು ಹಪ್ಪಳದಂತೆ ಸೊಟ್ಟಗಾದವು.
ಆಮೇಲಿನವು ತೀರಾ ಶುಭ್ರ, ಗಾಜಿಗೆ ಸಮ,
ಬೆಳಕು ಒಳಗೊಳಗೇ ಅಂಚಿಗೆ ಜಾರಿ ಕಳೆದುಹೋಯಿತು.
ಬೇಕೆಂದೇ ಸೂಜಿಮೊನೆಗಿಂತ ಸಣ್ಣ ತೂತು ಬಿಡಬೇಕಾಯಿತು,
ಎಡವಲು ಕಲ್ಲಿದ್ದರೆ ತಾನೆ ಬೆಳಕು ಹೊರಗೆ ಬೀಳುವುದು!
ಈ ಮಾತನ್ನು ವರದಿಯಲ್ಲಿ ಬರೆಯಲು ಮೇಲಿನವರು ಬಿಡಲಿಲ್ಲ,
ತೂತಿನ ಶೇಕಡಾವಾರು ಮಾತ್ರ ಬರೆದೆ.
ಇನ್ನೊಂದು ಕಂತು ತಣಿಯುವಾಗ ಸೀಳಿತು.
ಮುಂದಿನ ಸಲ ಮೊಮೊಸೆ
ಕುಲುಮೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತರು,
ಎರಡು ದಿನ ಯಾರನ್ನೂ ಹತ್ತಿರ ಬಿಡಲಿಲ್ಲ.
"ಕಾಯಿಸುವುದು ಯಾರಿಗೂ ಬರುತ್ತದೆ.
ಆರಲು ಬಿಡುವುದು ಕಲಿ."

ಪಿಂಗಾಣಿ ತಟ್ಟೆ ಮಾರುಕಟ್ಟೆಗೆ ಹೋದ ಮರುವರ್ಷ,
ಫೆಬ್ರವರಿಯಲ್ಲಿ, ಅವರು ತೀರಿಕೊಂಡರು.

ಒಕಾಯಾದ ಶವಸಂಸ್ಕಾರ ಮಂದಿರ.
ಸೇವಂತಿಗೆ, ಧೂಪ, ಕಾಲುಚೀಲದಲ್ಲಿ ನಾವು.
ಗೋಡೆಯ ಮೇಲೆ ಒಂದೊಂದಾಗಿ ಅವರ ಚಿತ್ರ.
ಹೆಪ್ಪುಗಟ್ಟಿದ ಸರೋವರದ ಮೇಲೆ ಕುಕ್ಕರಗಾಲಲ್ಲಿ ಕೂತು
ಕಿರುಬೆರಳಷ್ಟು ಮೀನನ್ನು
ತಿಮಿಂಗಿಲವೆಂಬಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದದ್ದು.
ಮುಖ ನೀಲಿ.
ಮಂಜು ನೀಲಿ, ಮೀನು ನೀಲಿ, ನಗುವ ಹಲ್ಲೂ ನೀಲಿ.

ತಲೆಯೆತ್ತಿ ನೋಡಿದೆ. ಛಾವಣಿಗೆ ತೂಗಿದ್ದು
ನನ್ನ ಪೆಟ್ಟಿಗೆ, ಹಳೆಯ ಮಾದರಿ, ಸಿಲಿಕೋನಿನದು.
ಅಂಟು ಕಂದಿದೆ, ಹಳದಿ ಸೋತಿದೆ.
ಕೈಮುಗಿಯಬೇಕಾದಲ್ಲಿ ಲೆಕ್ಕ ಹಾಕಿದೆ:
ದಿನಕ್ಕೆ ಎರಡು ಸಾವು, ಸಾವಿಗೆ ಮೂರು ಗಂಟೆ, ಎಂಟು ವರ್ಷ.
ಹದಿನೇಳು ಸಾವಿರದ ಚಿಲ್ಲರೆ.
ನಾನು ಮಾತು ಕೊಟ್ಟದ್ದರಲ್ಲಿ
ಇನ್ನೂ ಎರಡೂವರೆ ಸಾವಿರ ಬಾಕಿ.

ಅವರ ಹೆಂಡತಿ ತೊಕಿಎ ಪಕ್ಕದಲ್ಲಿ ಕೂತರು.
ಕ್ಷಮೆ ಕೇಳಿದೆ, ಬಣ್ಣಕ್ಕೆ, ತಟ್ಟೆಗೆ, ನನ್ನ ಸಹಿಗೆ.
ಅವರಿಗೆ ಅರ್ಥವಾಗಲಿಲ್ಲ. ಪರದೆ ನೋಡುತ್ತ,
"ಆವತ್ತು ಹೀಗೇ ಇತ್ತು ಕಣಮ್ಮ," ಅಂದರು,
"ಬೆಳಗಿನ ಐದೂವರೆ, ತುಟಿಯೆಲ್ಲ ನೀಲಿಗಟ್ಟಿತ್ತು.
ಫೋಟೋದಲ್ಲೇ ಯಾಕೋ ಕೆಂಪಗೆ ಬಂದಿದ್ದರು.
ಈಗ ಸರಿಯಾಗಿದೆ."

ಸೋಮವಾರ ಮಂದಿರಕ್ಕೆ ಫೋನು ಮಾಡಿ
ತಟ್ಟೆ ಬದಲಿಸಲು ಹೊತ್ತು ಕೇಳಿದೆ.
ಯಾರಾದರೂ ದೂರು ಕೊಟ್ಟರೇ ಎಂದರು.
ಇಲ್ಲ ಅಂದೆ.
ಗುರುವಾರ ಮಧ್ಯಾಹ್ನ ಯಾವ ಸಾವೂ ಇಲ್ಲವಂತೆ.
ಪಿಂಗಾಣಿಯದನ್ನು ಒಯ್ಯುತ್ತೇನೆ.
ಹಳೆಯದರ ಕಂದು ಉಂಗುರವನ್ನು ತಂದು ಅಳೆಯಬೇಕು,
ಗೆರೆ ಯಾವ ಗಂಟೆಯಲ್ಲಿ
ಬಾಗತೊಡಗಿತೆಂದು.