ನಿಕೋರಾ

ಕಲ್ಲಿದ್ದಲ ಊರು ಟ್ಕಿಬುಲಿ. ಶಾಲೆಯ ಕೊನೇ ಕೋಣೆ.
ಗ್ವಾಂತ್ಸಾ ತನ್ನ ಗ್ರಹಕ್ಕೆ ಮನೆಯ ಹಸುವಿನ ಹೆಸರಿಟ್ಟಳು: ನಿಕೋರಾ.
ವೇಗ ತಗ್ಗಿಸಿದರೆ ಸೂರ್ಯನ ಬಾಯಿಗೆ ಬಿತ್ತು;
ಏರಿಸಿದರೆ, ಹೇಳದೆ ಕೇಳದೆ
ಪರದೆ ದಾಟಿ ಹೋಯಿತು.

ನಾತೇಲಾ ಟೀಚರು ತಿದ್ದಲಿಲ್ಲ.
“ದೂರದ ವರ್ಗ ಅಂತಿದೆಯಲ್ಲ, ಆ ಎರಡನ್ನೇ ಕೆಡಿಸು.
ಎರಡು ಪಾಯಿಂಟ್ ಒಂದು ಮಾಡು, ನೋಡೋಣ.”

ಅಂಡಾಕಾರದ ದಾರಿಯೇ ಮೆಲ್ಲಗೆ ತಿರುಗತೊಡಗಿತು,
ಸುತ್ತಿಗೊಂದು ಎಸಳು.
ಗಂಟೆ ಹೊಡೆದರೂ ಯಾರೂ ಆರಿಸಲಿಲ್ಲ.

ಸಂಜೆ, ಮೇಜೊರೆಸುವ ತ್ಸಿಯುರಿಯ ಬಟ್ಟೆ ಮೌಸಿಗೆ ತಗುಲಿ
ನಿಕೋರಾ ಹಗ್ಗ ಹರಿದುಕೊಂಡು ಓಡಿತು.
ಆಕೆ ಬಾಗಿಲತ್ತ ನೋಡಿದಳು. ಯಾರಿಲ್ಲ.
ಒಂದು ಗುಂಡಿ ಒತ್ತಿ, ಬಿಟ್ಟು, ಇನ್ನೊಂದು ಒತ್ತಿ,
ಕತ್ತಲಾಗುವ ಹೊತ್ತಿಗೆ
ಹೇಗೋ ಹಿಡಿದು ತಂದು ಕಟ್ಟಿದಳು.

ಬೆಳಿಗ್ಗೆ ಗ್ವಾಂತ್ಸಾ ಬಂದು ನೋಡುತ್ತಾಳೆ:
ನಿನ್ನೆ ಎಡಕ್ಕೆ ಸುತ್ತುತ್ತಿದ್ದ ನಿಕೋರಾ
ಇವತ್ತು ಬಲಕ್ಕೆ.