ಮೊದಲನೇ ಸಾಲು

ಬೀದರಿನ ಶಹಾಗಂಜಿನಾಗ ಕರೆಂಟ್ ಬಂದು ಕಾಲು ತಾಸಾಯ್ತು.
ಮೂವತ್ತೆರಡು ಜೀಬಿ ಪೆನ್‌ಡ್ರೈವ್, ಮುಚ್ಚಳ ಕಳಕೊಂಡದ್ದು,
ನನ್ನ ಮಾರ್ಕ್ಸ್‌ಕಾರ್ಡು, ಭಾಲ್ಕಿ ಮದುವಿ ಫೋಟೋ
ಹೊಟ್ಟ್ಯಾಗಿಟ್ಟುಕೊಂಡು ಕುಂತದ.
"ಇದರಾಗಿರೋದೆಲ್ಲ ಅಳಿಸಿ ಹೋಗತದ, ನಡೀತದೇನು?"
ಪರದಿ ಎರಡು ಸಲ ಕೇಳತದ,
ನೋಂದಣಿ ಕಚೇರಿ ಗುಮಾಸ್ತನಂಗ.
ನಡೀತದ.

ಆಮ್ಯಾಲ ಒಂದೊಂದೇ ತುಂಬತೀನಿ:
ಟೈಪಿಸ್ಟ್ ವೈಜಿನಾಥನ ಮುದಿ ಡಬ್ಬಿಗೆ ಹಗುರ ಲಿನಕ್ಸ್,
ಪಾಲಿಟೆಕ್ನಿಕ್ ಹುಡುಗರಿಗೆ ಉಬುಂಟು,
ಲೆಕ್ಕಪತ್ರದ ಮಂದಿಗೆ ವಿಂಡೋಸ್.
ಮೂರೂ ಒಂದೇ ಕಡ್ಡಿಯಾಗ.
ಯಾವುದೂ ಇನ್ನೊಂದರ ಬಾಗಿಲಾ ಬಡಿಯೂದಿಲ್ಲ.

ಮೌಜಮ್ ಸಾಹೇಬ್ರು ಚಹಾದ ಕಪ್ಪು ಸರಿಸಿ ಅಂತಾರ:
"ಹಚ್ಚಿ ನೋಡು. ಎದ್ದರ ಎದ್ದಂಗ."
ಕರೀ ಪರದಿ. ಮೂರು ಸಾಲು.
ಕೆಳಗ ಎಣಿಕಿ: ಹತ್ತು, ಒಂಬತ್ತು, ಎಂಟು...
ಬಾಣದ ಕೀಲಿ ಯಾರೂ ಮುಟ್ಟದಿದ್ದರ
ಮೊದಲನೇದು ತಾನೇ ಏಳತದ.

ಅದನ್ನೇ ನೋಡಕೋತ ಕೈ ಚಾಚಿದೆ,
ಕಾದ ಬೆಸುಗಿ ಕಡ್ಡಿಗೆ ಬೆರಳು ತಾಗ್ತು.
"ಅಮ್ಮೋ, ಚಚ್ಚಿಪೋಯಾನ್ರಾ!"

ಗಿರಾಕಿಗಳ ಕೂಡ ಮರಾಠಿ,
ಸಾಹೇಬ್ರ ಕೂಡ ದಖನಿ,
ರಸೀದಿ ಬರೆಯೂದು ಕನ್ನಡದಾಗ,
ಹನ್ನೆರಡು ವರ್ಷ ಆತು.
ಸಾಹೇಬ್ರು ನಕ್ಕೋತ:
"ಯಾದಮ್ಮ, ಗೊತ್ತಾಯ್ತು ಬಿಡು
ನಿನ್ನ ಮೊದಲನೇ ಸಾಲು."

ನೀರಾಗ ಬೆರಳದ್ದಿ ತಿರುಗಿ ನೋಡಿದೆ.
ಎಣಿಕಿ ಮುಗಿದಿತ್ತು.
ವೈಜಿನಾಥನ ಹಗುರ ಲಿನಕ್ಸ್ ಎದ್ದು,
ನಿಮ್ಮ ಭಾಷಾ ಯಾವುದು ಅಂತ
ಕೇಳಕೋತ ನಿಂತಿತ್ತು.