ಗುಂಡಿಗೆ ಕೋಟು ಸಿಕ್ಕಿತೆ?

ಇಡೀ ಸಿನಿಮಾ ಐವತ್ತೆರಡು ನಿಮಿಷ.
ನನಗೆ ಗೊತ್ತಿದ್ದದ್ದು ನಲವತ್ತೊಂದು.

ಆ ಚಳಿಗಾಲ ತ್ಬಿಲಿಸಿಯಲ್ಲಿ ಕರೆಂಟು
ಸಾಲಗಾರ ನೆಂಟನ ಹಾಗೆ: ಹೇಳದೆ ಬರುವುದು,
ಬಂದರೂ ಕೂರದು.
ಸಬುರ್ತಾಲೊದ ಒಂಬತ್ತು ಮಹಡಿಗಳೂ ಒಟ್ಟಿಗೆ
"ಬಂತೂ!" ಎಂದು ಕೂಗುತ್ತಿದ್ದವು.
ಅಮ್ಮ ನೀರು ಕಾಯಿಸಲು ಓಡಿದರೆ
ಗೊಚಾ ಟಿ.ವಿ.ಯ ಕಡೆ.
ಯಂತ್ರದ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ
ಒಂದೇ ಒಂದು ಕ್ಯಾಸೆಟ್ಟು. ಹಿಂದಕ್ಕೆ ಸುತ್ತಿ
ಪ್ರತಿ ಸಲವೂ ಮೊದಲಿಂದ.
ಬಿಟ್ಟಲ್ಲಿಂದ ಹಾಕೋ ಅಂದರೆ
"ನಡುವಿನಿಂದ ನೋಡಿದರೆ ಗುಂಡಿಗೆ ಬೇಜಾರು" ಅನ್ನುವನು,
ಹನ್ನೊಂದು ವರ್ಷದ ದೊಡ್ಡ ಮನುಷ್ಯ.

ಕತೆ ಇಷ್ಟೆ: ಒಂದು ಕೋಟಿನ ಮೂರನೆಯ ಗುಂಡಿ,
ಜೇಡಿಮಣ್ಣಿನದು, ಕೆಂಪು, ಎರಡು ತೂತೇ ಎರಡು ಕಣ್ಣು,
ಟ್ರಾಮಿನ ಮೆಟ್ಟಿಲಲ್ಲಿ ಕಿತ್ತು ಬಿದ್ದು
ಕೋಟನ್ನು ಹುಡುಕುತ್ತ ಊರೆಲ್ಲ ಉರುಳುತ್ತದೆ.
ಪಾರಿವಾಳ ನುಂಗುತ್ತದೆ, ಉಗಿಯುತ್ತದೆ.
ದರ್ಜಿಯ ಬೆಕ್ಕು ಪಂಜದಲ್ಲಿ ಆಡಿಸುತ್ತದೆ.
ಎಲ್ಲರಿಗೂ ಒಬ್ಬನೇ ಗಂಡಸಿನ ದನಿ, ಮೂಗು ಕಟ್ಟಿದವನು:
ಬೆಕ್ಕಿಗೂ ಅವನೇ, ದರ್ಜಿಯ ಹೆಂಡತಿಗೂ ಅವನೇ.
ಕೊನೆಗೆ ಸೇತುವೆ. ಹಿಮ. ದೂರದ ದೀಪದ ಕೆಳಗೆ
ಯಾರದೋ ಬೆನ್ನು.
ಗುಂಡಿ ನಿಲ್ಲುತ್ತದೆ, ನೋಡುತ್ತದೆ,

ಟಪ್.
ಪರದೆಯ ನಡುವೆ ಒಂದು ಬಿಳಿ ಚುಕ್ಕೆ
ಕುಗ್ಗಿ ಕುಗ್ಗಿ, ತಾನೂ ಗುಂಡಿಯಾಗಿ, ಇಲ್ಲ.

ಉಳಿದದ್ದು ಕತ್ತಲೆ, ಸೀಮೆಎಣ್ಣೆ ವಾಸನೆ,
ಮತ್ತು ಗೊಚಾ.
"ಆಮೇಲೆ?" ಎನ್ನುತ್ತಿದ್ದೆ.
ಆಮೇಲಿನದೆಲ್ಲ ಅವನ ಇಲಾಖೆ.

ಒಂದು ರಾತ್ರಿ ಗುಂಡಿ ನದಿಗೆ ಹಾರಿ ಮೀನಿನ ಕಣ್ಣಾಯಿತು.
ಒಂದು ರಾತ್ರಿ ರೊಟ್ಟಿಯ ಸಾಲಿನಲ್ಲಿ ನಿಂತಿತು,
ಬೆಳಗಿನ ಜಾವ ಸರದಿ ಬಂದಾಗ ರೊಟ್ಟಿ ಮುಗಿದಿತ್ತು.
(ಅವತ್ತು ಅವನೇ ಸಾಲಿನಲ್ಲಿ ನಿಂತು ಬಂದಿದ್ದ.)
ಫೆಬ್ರವರಿಯಲ್ಲಿ, ಕಿಟಕಿಯ ಒಳಮೈಗೂ ಹಿಮ ಕಟ್ಟಿದ ರಾತ್ರಿ,
"ಗುಂಡಿ ಸುಸ್ತಾಗಿ ಕೂತುಬಿಟ್ಟಿತು, ಇನ್ನು ಕೈಲಾಗದು ಅಂತ.
ಆಗ ಕೋಟೇ ಹುಡುಕಿಕೊಂಡು ಬಂತು.
ಮೆಟ್ಟಿಲು ಹತ್ತುತ್ತಿದೆ, ಕೇಳು. ಆರನೆಯ ಮಹಡಿ.
ಏಳನೆಯದು. ನಮ್ಮದು.
ಬಾಗಿಲು ತಟ್ಟದೆ ಬಂದೇಬಿಟ್ಟಿತು ನೋಡು."
ನನ್ನ ಮೇಲೆ
ಭಾರವಾದದ್ದು, ಒದ್ದೆ ಉಣ್ಣೆಯ ವಾಸನೆಯದು,
ತೋಳುಗಳಿದ್ದದ್ದು, ಮೆತ್ತಗೆ ಬಿತ್ತು.
ನಂಬಿದೆ. ಆರು ವರ್ಷದವಳು ನಂಬದೆ ಏನು ಮಾಡುತ್ತಾಳೆ?
ಬೆಚ್ಚಗೆ ನಿದ್ದೆ ಹೋದೆ.

ಮಾರ್ಚಿನಲ್ಲಿ ಟಿ.ವಿ. ಕೊಟ್ಟು ಹಿಟ್ಟು ತಂದರು.

ನಿನ್ನೆ, ಯಾರೋ ಪುಣ್ಯಾತ್ಮರು ಡಿಸ್ಕಿಗೆ ಇಳಿಸಿದ್ದನ್ನು,
ಮಗಳು ಲಿಲೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು
ಐವತ್ತೆರಡೂ ನಿಮಿಷ ನೋಡಿದೆ.
ಬೆಕ್ಕು ಇಷ್ಟು ಚಿಕ್ಕದಿತ್ತೆ?
ಈಗ ಒಬ್ಬೊಬ್ಬರಿಗೆ ಒಂದೊಂದು ದನಿ;
ಮೂಗು ಕಟ್ಟಿದವನು ಎಲ್ಲಿ ಹೋದನೋ.
ಗುಂಡಿಯ ಕೆನ್ನೆಯ ಮೇಲೆ ಯಾರದೋ ಹೆಬ್ಬೆಟ್ಟಿನ ಗುರುತು
ಮಿಣುಕುತ್ತಿತ್ತು, ಸರಿಯುತ್ತಿತ್ತು.
ಸಾವಿರ ಸಲ ಅದನ್ನೆತ್ತಿ, ಕೂದಲೆಳೆಯಷ್ಟು ಸರಿಸಿ, ಇಟ್ಟಿದ್ದಾರೆ.
ಆಗೆಲ್ಲ ಅದು ತಾನಾಗಿ ಉರುಳುತ್ತಿತ್ತು.

ಸೇತುವೆ, ಹಿಮ, ಬೆನ್ನು.
ನನ್ನ ಹೆಗಲು ತಾನೇ ಬಿಗಿಯಿತು. ಕರೆಂಟು ಹೋಗಲಿಲ್ಲ.
ಬೆನ್ನು ತಿರುಗಿತು. ಅದೇ ಕೋಟು.
ಸೂಜಿ, ದಾರ, ಮೂರು ಹೊಲಿಗೆ, ಬ್ಯಾಂಡು, ಶುಭಂ.

"ಅಷ್ಟೇನಾ?" ಅಂದಳು ಲಿಲೆ.

ಗೊಚಾನಿಗೆ ಫೋನು ಮಾಡಿದೆ. ಬಟುಮಿಯಲ್ಲಿ ಟೈರಿನ ಅಂಗಡಿ,
ಹಿಂದೆ ಗಾಳಿ ತುಂಬುವ ಯಂತ್ರದ ಸದ್ದು.
ಯಾವ ಗುಂಡಿ? ಅಂದ. ಯಾವ ಸಿನಿಮಾ?
ಆ ವರ್ಷದ್ದು ಕೆಮ್ಮೊಂದೇ ನೆನಪು ಕಣೆ,
ಈಸ್ಟರ್ ಬಂದರೂ ಬಿಡಲಿಲ್ಲ. ಎದೆಗೆ ಸಾಸಿವೆ ಪಟ್ಟಿ ಹಾಕಿ ಹಾಕಿ
ಅಮ್ಮ ಸೋತಳು. ಎಲ್ಲಿಂದ ಅಂಟಿತ್ತೋ ಏನೋ.
ಸರಿ, ಗಿರಾಕಿ ಬಂದ, ಇಡ್ತೀನಿ.

ಫೋನು ಕೈಯಲ್ಲೇ ಇತ್ತು, ತುಂಬ ಹೊತ್ತು.
"ಅಮ್ಮಾ, ಆಮೇಲೆ?" ಲಿಲೆ ತೋಳು ಜಗ್ಗಿದಳು.
ಎದ್ದು ಹೋಗಿ
ದೀಪ ಆರಿಸಿ ಬಂದೆ.